ಪೈಪ್ ಕ್ಲೀನರ್

ಬೆಳಿಗ್ಗೆ ಎಂಟೂವರೆಗೆ, ಹೊರಗೆ ಶಾಲೆಯ ಆಟೋ ಹಾರನ್ ಒತ್ತುತ್ತಿರುವಾಗ
ಮೂರನೇ ಕ್ಲಾಸಿನ ಹುಡುಗಿಯೊಂದು ಓಡಿಬರುತ್ತದೆ:
ತಾತಾ, ಪೈಪ್ ಕ್ಲೀನರ್, ಗುಲಾಬಿದು ಎರಡು, ಹಸಿರು ಒಂದು,
ಕ್ರಾಫ್ಟ್ ಪೀರಿಯಡ್ಡಿಗೆ ಮೊಲ ಮಾಡಬೇಕು.

ಕೊಡುತ್ತೇನೆ. ಮೈತುಂಬ ಜೂಲು, ಒಳಗೆ ತಂತಿ.
ಯಾವ ಪೈಪು ಗೊತ್ತೇನೇ, ಅನ್ನುತ್ತೇನೆ ಚಿಲ್ಲರೆ ಎಣಿಸುತ್ತ.
ನಲ್ಲೀದು! ಇದೂ ಒಂದು ಪ್ರಶ್ನೆಯಾ ಅನ್ನುವ ಮುಖ.
ಆಟೋ ಹೋಯಿತು.

ನಲ್ಲೀದಲ್ಲ, ಮಗೂ.
ಈಗ ಸ್ಕೆಚ್ ಪೆನ್ನು ನಿಂತಿರುವ ಜಾಗದಲ್ಲಿ
ಹಿತ್ತಾಳೆಯ ಸಣ್ಣ ತಕ್ಕಡಿ ಇತ್ತು,
ಪಿಂಗಾಣಿ ಭರಣಿಯಲ್ಲಿ ತಂಬಾಕು,
ಒಣಗದಿರಲೆಂದು ಅದರ ಮೇಲೊಂದು ಸೇಬಿನ ಹೋಳು.
ಅಪ್ಪ ಮುಚ್ಚಳ ತೆಗೆದರೆ ಅರ್ಧ ಮಾರ್ಕೆಟ್ ರಸ್ತೆಗೆ ಗೊತ್ತಾಗುತ್ತಿತ್ತು:
ಬೆಲ್ಲ, ಒಣದ್ರಾಕ್ಷಿ, ಹಳೇ ಪೆಟ್ಟಿಗೆಯ ಒಳಮೈ,
ಅದಕ್ಕೆ ಬೆರೆತ, ಎದುರಂಗಡಿಯಲ್ಲಿ ಹುರಿವ ಕಾಫಿಬೀಜ.
ಚಿಕ್ಕಮಗಳೂರಿಗೆ ನಾವು ಪೈಗಳಲ್ಲ, ಪೈಪೈಗಳು.
ಹಾಜರಿ ಕರೆವಾಗಲೂ ಹಿಂದಿನ ಬೆಂಚಿನವನೊಬ್ಬ
ಇನ್ನೊಂದು ಪೈ ಸೇರಿಸುತ್ತಿದ್ದ.

ಗಿರಾಕಿಗಳು ಎಲ್ಲ ಸೇರಿ ಏಳು ಜನ.
ಹೆಬ್ಬೆರಳು ನೋಡಿದರೆ ಸಾಕು, ಅನ್ನುತ್ತಿದ್ದ ಅಪ್ಪ,
ಕೆಂಡ ಒತ್ತಿ ಒತ್ತಿ ತುದಿ ಕಪ್ಪಾಗಿರುತ್ತದೆ.
ಕ್ಯೂರಿಂಗ್ ವರ್ಕ್ಸಿನ ಮೊಣ್ಣಪ್ಪನವರು, ಬೀಜ ಮೂಸಿ ತೋಟ ಹೇಳುವವರು,
ಡ್ಯೂಟಿಯಲ್ಲಿ ಪೈಪಿಗೆ ಬೆಂಕಿಯಿಲ್ಲ, ಹಲ್ಲಲ್ಲಿ ಕಚ್ಚಿದ್ದಷ್ಟೇ.
ದನದ ಡಾಕ್ಟರ್ ಲಿಂಗಮೂರ್ತಿ. ಡ್ರಾಯಿಂಗ್ ಮೇಷ್ಟ್ರು.
ವಕೀಲ ನಂಜರಾಜೇ ಅರಸರಿಗೆ ಏನಾದರೂ ಕೇಳಿದಿರೋ,
ತುಂಬಬೇಕು, ಒತ್ತಬೇಕು, ಕಡ್ಡಿ ಗೀರಬೇಕು,
ಎಳೆಯಬೇಕು, ಅದು ಆರಬೇಕು, ಮತ್ತೆ ಗೀರಬೇಕು,
ಆಮೇಲೆ ಉತ್ತರ.
ಅಷ್ಟರಲ್ಲಿ ದಾವೆಗೆ ಬಂದ ಅಣ್ಣತಮ್ಮಂದಿರು ಅರ್ಧ ತಣ್ಣಗಾಗಿ
ಒಂದೇ ಬೆಂಚಿನಲ್ಲಿ ಕೂತಿರುತ್ತಿದ್ದರು.

ಒಳ್ಳೆಯದೆಂದು ನಾನು ಹೇಳುತ್ತಿಲ್ಲ.
ಮೊಣ್ಣಪ್ಪನವರ ನಾಲಗೆಯ ಅಂಚಿಗೊಂದು ಹುಣ್ಣಾಯಿತು.
ಮಂಗಳೂರಿಗೆ ಹೋದವರು ಬರಲಿಲ್ಲ.
ಆ ವಾರವಿಡೀ ಅಪ್ಪ ಭರಣಿ ಮುಟ್ಟಲಿಲ್ಲ.

ಮತ್ತೆ ಫ್ಲೋರಿನ್ ಬಾಯಿ.
ಮೋಜಣಿ ಇಲಾಖೆಯ ಮಿನೇಜಸ್ಸರ ಹೆಂಡತಿ.
ತಿಂಗಳ ಮೊದಲ ಶನಿವಾರ, ಬಟ್ಟೆ ಚೀಲ:
ಅವರಿಗೆ ಎರಡು ತೊಲ.

ಮಿನೇಜಸ್ಸರು ಹೋದದ್ದು ಎಪ್ಪತ್ತೊಂಬತ್ತರಲ್ಲಿ.
ಅಪ್ಪ, ನಾನು, ಇಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿ ಬಂದಿದ್ದೆವು.
ಮುಂದಿನ ತಿಂಗಳ ಮೊದಲ ಶನಿವಾರ
ಅದೇ ಚೀಲ, ಕಪ್ಪು ಸೀರೆ:
ಅವರಿಗೆ ಎರಡು ತೊಲ.

ಅಪ್ಪ ತೂಗಿದ. ಮುಳ್ಳು ನಿಲ್ಲುವ ತನಕ ಕಾದ.
ಎಣ್ಣೆಕಾಗದದಲ್ಲಿ ಮಡಿಸಿ, ನೂಲು ಸುತ್ತಿ,
ಸಾಹೇಬರಿಗೆ ಹೇಳಿ, ಈ ಸಲದ್ದು ಒಂಚೂರು ಖಾರ, ಅಂದ.
ಹೇಳ್ತೇನೆ, ಅಂದರು ಆಕೆ.

ಹೀಗೆ ಹನ್ನೊಂದು ವರ್ಷ.
ಅವರಿಗೆ ಹಿಡಿಸಿತು. ಅವರಿಗೆ ರಾತ್ರಿ ಕೆಮ್ಮು.
ಅವರು ಈಗ ಕಮ್ಮಿ ಮಾಡಿದ್ದಾರೆ, ಒಂದೇ ತೊಲ ಸಾಕು.
ವರದಿ ತಪ್ಪಲಿಲ್ಲ. ದುಡ್ಡು ಎಣಿಸುವಾಗ
ಆಕೆಯ ಹೆಬ್ಬೆರಳನ್ನು ನಾನು ನೋಡುತ್ತಿದ್ದೆ,
ನೋಡಬೇಡವೋ, ಅಂತ ಅಪ್ಪ ಕಾಲು ತುಳಿಯುತ್ತಿದ್ದ.

ಕೊನೆಯ ಸಲ ಬಂದಾಗ ತಕ್ಕಡಿ ನನ್ನ ಕೈಗೆ ಬಂದಿತ್ತು.
ಅಪ್ಪನ ಹದಿಮೂರನೇ ದಿನ ಮುಗಿದು ವಾರ.
ಮನೆಗೆ ಬಂದು ನನ್ನಮ್ಮನ ಕೈ ಹಿಡಿದು ಅತ್ತು ಹೋದವರೇ ಆಕೆ.
ಪೊಟ್ಟಣ ಚೀಲಕ್ಕಿಳಿಸಿ, ಮೆಟ್ಟಿಲ ಹತ್ತಿರ ನಿಂತು,
ತಂದೆಯವರಿಗೆ ಹೇಳಪ್ಪ, ಹೋದ ತಿಂಗಳದ್ದು ಬಹಳ ಚೆನ್ನಾಗಿತ್ತು, ಅಂದರು.
ಹೇಳ್ತೇನೆ, ಅಂದೆ.

ಭರಣಿಯಲ್ಲಿ ಈಗ ರಬ್ಬರುಗಳಿವೆ. ಐದು ರೂಪಾಯಿಗೊಂದು,
ಸ್ಟ್ರಾಬೆರಿ ಆಕಾರದ್ದು, ಲಾರಿ ಆಕಾರದ್ದು.
ಸೋಪು, ನಿಂಬೆಹುಳಿ, ಬಿಸಿನೀರು, ಎಲ್ಲ ಹಾಕಿ ತಿಕ್ಕಿದ್ದೇನೆ.
ಮೊನ್ನೆ ಒಬ್ಬ ತಾಯಿ ವಾಪಸು ತಂದರು:
ಇದಕ್ಕೆಂಥದೋ ವಾಸನೆ, ಮಗು ಬರೆಯೋದು ಬಿಟ್ಟು ಮೂಸ್ತಾ ಕೂತಿರುತ್ತೆ.

ಬೇರೆ ಕೊಟ್ಟೆ.
ಅದನ್ನು ಅಂಗಿ ಜೇಬಿಗೆ ಹಾಕಿಕೊಂಡೆ.