ನಡಾವಳಿಗೊಂದು ತಿದ್ದುಪಡಿ

ಹನ್ನೊಂದು ವರ್ಷದಿಂದ ಈ ಶಾಲಾ ಮಂಡಳಿಯ
ನಡಾವಳಿ ಬರೆಯುವವಳು ನಾನು.
ಮಂಡಿಸಲಾಯಿತು, ಅನುಮೋದಿಸಲಾಯಿತು, ಅಂಗೀಕರಿಸಲಾಯಿತು:
ನನ್ನ ವ್ಯಾಕರಣದಲ್ಲಿ ಕರ್ತೃವಿಗೆ ಜಾಗವಿಲ್ಲ.
ಯಾರು ಕೆಮ್ಮಿದರು, ಯಾರು ಗಡಿಯಾರ ನೋಡಿದರು
ಬರೆಯುವಂತಿಲ್ಲ.

ಮೇನ್ ರಾಜ್ಯದ ತುತ್ತತುದಿ. ನದಿ ದಾಟಿದರೆ ಕೆನಡಾ.
ಊರು ಸೇಂಟ್ ಅಮಾಬ್ಲ್. ಆಲೂಗಡ್ಡೆ ಕೀಳುವ ಕಾಲಕ್ಕೆ
ಇಂದಿಗೂ ಶಾಲೆಗೆ ರಜೆ.
ತಿಂಗಳಿಗೊಂದು ಸಂಜೆ
ಎರಡನೇ ತರಗತಿಯ ಪುಟ್ಟ ಕುರ್ಚಿಗಳಲ್ಲಿ
ಐದು ಜನ ದೊಡ್ಡವರು
ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು
ಬಾಯ್ಲರಿನ ವಯಸ್ಸು ಚರ್ಚಿಸುತ್ತಾರೆ.

ಐವರಲ್ಲೊಬ್ಬಳು ಒಡೀಲ್ ಪೆಲ್ಟಿಯೇ.
ಟೈರ್ ಅಂಗಡಿ. ಮಕ್ಕಳಿಲ್ಲ.
ಮಕ್ಕಳಿಲ್ಲದವಳಿಗೆ ಶಾಲೆಯ ಉಸಾಬರಿ ಯಾಕೆ,
ಚುನಾವಣೆಗೆ ನಿಂತಾಗ ಕೇಳಿದವರಿದ್ದರು.
"ನಿನ್ನ ಮನೆಗೆ ಬೆಂಕಿ ಬಿದ್ದಿಲ್ಲ,
ಅಗ್ನಿಶಾಮಕಕ್ಕೆ ತೆರಿಗೆ ಕಟ್ಟಲ್ವಾ?"
ನಟ್ಟು ಬಿಗಿಯುತ್ತಲೇ ಕೇಳಿ
ಒಂಬತ್ತು ಮತದಿಂದ ಗೆದ್ದಳು.

ಗೆದ್ದವಳು ಮೊದಲು ಮಾಡಿದ್ದು
ಹಳದಿ ಬಸ್ಸು ಹತ್ತಿದ್ದು.
ಬೆಳಗಿನ ಐದೂ ನಲವತ್ತರ ಕತ್ತಲಲ್ಲಿ
ಎಲ್ಲರಿಗಿಂತ ಮುಂಚೆ ಹತ್ತುವವನು ಲ್ಯೂಸಿಯೆನ್.
ಆರು ವರ್ಷ. ಒಂದು ಗಂಟೆ ಹತ್ತು ನಿಮಿಷ
ಕಿಟಕಿಯ ಮಂಜಿನ ಮೇಲೆ
ಟ್ರ್ಯಾಕ್ಟರು ಬರೆಯುತ್ತ ಬರುತ್ತಾನೆ.
ಅದು ಅವಳಿಗೆ ಗೊತ್ತು.
ಉಳಿದ ನಮಗೆ ಗೊತ್ತಿದ್ದದ್ದು
ಡೀಸೆಲ್ ಖರ್ಚು.

ಫೆಬ್ರವರಿಯಲ್ಲಿ ಸುದ್ದಿ ಬಂತು, ರಾಜಧಾನಿಯಲ್ಲೊಂದು ಮಸೂದೆ:
ಸರ್ಕಾರಿ ಶಾಲೆಯ ಹಣದಲ್ಲಿ ಖಾಸಗಿ ಶಾಲೆಯ ಶುಲ್ಕ.
ಆಯ್ಕೆಯ ಸ್ವಾತಂತ್ರ್ಯ ಅಂತ ಹೆಸರು.
ನಮಗೆ ಹತ್ತಿರದ ಖಾಸಗಿ ಶಾಲೆ ತೊಂಬತ್ತು ಮೈಲಿ;
ಅಲ್ಲಿಗೆ ಹಳದಿ ಬಸ್ಸಿಲ್ಲ.
"ಪತ್ರ ಬರೆಯೋಣ" ಎಂದರು ಅಧ್ಯಕ್ಷ ಹಾಫರ್ಡ್.
"ಬರೀರಿ" ಎಂದಳು ಒಡೀಲ್, "ನಾನು ಹೋಗ್ತೀನಿ."

ಹಿಂದಿನ ರಾತ್ರಿ ಫೋನು ಮಾಡಿ ಅಂದದ್ದು,
ಇದೂ ನಡಾವಳಿಯಲ್ಲಿಲ್ಲ:
"ಇದೇ ಕಟ್ಟಡದಲ್ಲಿ
ನೀರು ಬೇಕು ಅಂತ ಫ್ರೆಂಚಲ್ಲಿ ಕೇಳಿದ್ದಕ್ಕೆ
ನಮ್ಮಮ್ಮನ ಕೈಲಿ ನೂರು ಸಲ ಬರೆಸಿದ್ರು,
ಶಾಲೆಯಲ್ಲಿ ನಾನು ಫ್ರೆಂಚ್ ಆಡುವುದಿಲ್ಲ.
ಸಾಯೋವರೆಗೂ ಅವಳು
ಇಂಗ್ಲಿಷಲ್ಲೇ ನೀರು ಕೇಳಿದಳು."
ಸ್ವಲ್ಪ ಹೊತ್ತು ಬರೀ ಉಸಿರು.
"ಈಗ ಅದನ್ನೇ ಉಳಿಸೋಕೆ ಹೊರಟಿದ್ದೀನಿ, ನೋಡು."
ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ, ಎಂದೆ.
"ಅದು ನೆಗಡಿ ಅಲ್ಲ" ಎಂದಳು ಗಡುಸಾಗಿ.
ಆಮೇಲೆ, "ಆದರೆ ಮೂಗು ನಮ್ಮದೇ.
ಆಗ ಮಂಡಳಿಯಲ್ಲಿ
ನಮ್ಮವರು ಒಬ್ಬರೂ ಇರಲಿಲ್ಲ."

ಐದು ಗಂಟೆಯ ದಾರಿ. ಹಿಮ. ನಡುರಸ್ತೆಯಲ್ಲಿ
ಎತ್ತಿನೆತ್ತರದ ಒಂದು ಮೂಸ್, ಅದರದೇ ಯೋಚನೆಯಲ್ಲಿ.
ಅಲ್ಲಿ ಮಾತಿಗೆ ಮೂರು ನಿಮಿಷ:
ಹಸಿರು ದೀಪ, ಹಳದಿ, ಕೆಂಪು.
ಅಂಕಿಅಂಶ ಹೇಳುವವರು ಹೇಳಿ ಮುಗಿಸಿದ್ದರು.
ಇವಳು ಸಮಿತಿಯನ್ನೇ ಲ್ಯೂಸಿಯೆನ್‌ನ ಬಸ್ಸಿಗೆ ಹತ್ತಿಸಿ
ನಿಲುಗಡೆ ನಿಲುಗಡೆಗೂ ಹೆಸರು ಕರೆದು
ಕೊನೆಗೆ ಮಕ್ಕಳ ಜೊತೆ ಊಟಕ್ಕೆ ಬನ್ನಿ,
ಬಾಯ್ಲರ್ ಕೋಣೆ ತೋರಿಸುತ್ತೇನೆ ಎಂದಳಂತೆ.
ಒಬ್ಬ ಫೋನು ನೋಡುತ್ತಿದ್ದ. ಒಬ್ಬಾಕೆ ಏನೋ ಗೀಚಿಕೊಂಡಳು.
ಮಸೂದೆ ಮುಂದಕ್ಕೆ ಹೋಯಿತು;
ಸತ್ತೂ ಇಲ್ಲ, ಬದುಕಿಯೂ ಇಲ್ಲ.
ಪೆಟ್ರೋಲಿನ ರಸೀದಿ ಕೇಳಿದೆ. ಕಳೆದುಹೋಯಿತು ಎಂದಳು.
ಒಡೀಲ್ ಯಾವ ರಸೀದಿಯನ್ನೂ ಕಳೆಯುವವಳಲ್ಲ.

ನಾನು ಬರೆದೆ: ಸದಸ್ಯೆ ಪೆಲ್ಟಿಯೇ ಅವರು ಸಮಿತಿಯ ಮುಂದೆ
ಮೂರು ನಿಮಿಷ ಮಾತನಾಡಿದರು.
ವರದಿ ಸ್ವೀಕರಿಸಲಾಯಿತು.

ಮುಂದಿನ ಸಭೆಯಲ್ಲಿ ಪುಟ್ಟ ಕುರ್ಚಿಯಿಂದ
ಟೈರಿನ ಕಪ್ಪು ಹೋಗದ ಒಂದು ಕೈ ಮೇಲೆದ್ದಿತು.
"ತಿದ್ದುಪಡಿ. ಎರಡು ನಿಮಿಷ ನಲವತ್ತು ಸೆಕೆಂಡು.
ಉಳಿದ ಇಪ್ಪತ್ತು ಸೆಕೆಂಡು ನಾನು ಮಾತಾಡಲಿಲ್ಲ.
ಯಾರಾದರೂ ಏನಾದರೂ ಕೇಳಲಿ ಅಂತ
ನಿಂತಿದ್ದೆ."

ತಿದ್ದುಪಡಿಯನ್ನು ಅಂಗೀಕರಿಸಲಾಯಿತು.
ಒಮ್ಮತದಿಂದ.