ಅರುವತ್ತೊಂದು ದಿನದ ಸ್ಟುಡಿಯೋ

ನನ್ನದು ಮೈಕ್ ಸೆಟ್ಟಿನ ಅಂಗಡಿ, ಬಂದರಿನ ಒಳದಾರಿಯಲ್ಲಿ,
ಸುಣ್ಣದ ಗೋದಾಮಿಗೆ ಒತ್ತಿಕೊಂಡು.
ಮದುವೆ, ರೋಸ್, ಉರೂಸ್, ಕಬಡ್ಡಿ ಪಂದ್ಯ,
ಎಲ್ಲ ದೇವರಿಗೂ ಒಂದೇ ಆಂಪ್ಲಿಫಯರು.
ಇಪ್ಪತ್ತೆಂಟು ವರ್ಷ ಹಲೋ ಹಲೋ ಚೆಕ್ ಚೆಕ್ ಎಂದವನು
ಹಾಡಿನ ಬಗ್ಗೆ ಮಾತಾಡಬಾರದು, ಗೊತ್ತು.
ಆದರೂ ಹೇಳುತ್ತೇನೆ.

ಜೂನ್ ಒಂದಕ್ಕೆ ಬೋಟುಗಳೆಲ್ಲ ದಕ್ಕೆಗೆ ಬಂದು
ಎಮ್ಮೆಗಳ ಹಾಗೆ ಮೈಗೆ ಮೈ ತಾಗಿಸಿ ನಿಂತಾಗ
ತಂಜೀಲ್ ಬಂದ, ಐಸ್ ಪ್ಲಾಂಟಿನ ಚಳಿ ಇನ್ನೂ ಅಂಗಿಯಲ್ಲಿ.
"ಅಣ್ಣ, ಹದಿನೆಂಟಿಂಚಿನ ಬೇಸು ಎರಡು ಬೇಕು. ದುಡ್ಡು ಆಗಸ್ಟಿನಲ್ಲಿ."
ಎಂಥಕ್ಕೆ ಮಾರಾಯ ಎಂದೆ.
"ರೆಗೆ" ಎಂದ.
ನಾನು ರಾಗಿ ಎಂದು ಕೇಳಿಸಿಕೊಂಡೆ.

ಧನರಾಜ ಕರ್ಕೇರನ ಮಾವನ ಬೋಟು. ಕೀಲಿಕೈ ಅವನಲ್ಲಿ.
ಮೀನು ತುಂಬುವ ಹೊಟ್ಟೆಗೆ ಸುತ್ತ ಥರ್ಮಾಕೋಲು,
ಮೇಲೆ ಫೈಬರು; ಮುಚ್ಚಳ ಹಾಕಿದರೆ
ಹೊರಗಿನ ಒಂದು ಕಾಗೆಯೂ ಒಳಗಿಲ್ಲ.
ಬಂಗುಡೆ ಮಲಗಿದ ಜಾಗದಲ್ಲಿ ಮೈಕ್ ನಿಲ್ಲಿಸಿದೆವು.
ವಾಸನೆ ರೆಕಾರ್ಡ್ ಆಗುವುದಿಲ್ಲವಲ್ಲ, ಎಂದಳು ರೊವಿಟಾ,
ಮೂಗಿಗೆ ಆಸ್ಪತ್ರೆಯ ಮಾಸ್ಕು,
ಕಂಕನಾಡಿಯ ರಾತ್ರಿಪಾಳಿಗೆ ಇನ್ನು ಮೂರು ಗಂಟೆ.

ಆ ಹುಡುಗಿ ಇಗರ್ಜಿಯಲ್ಲಿ ಎರಡನೇ ಸಾಲಿನ ದನಿ.
ಇಲ್ಲಿ ಕೊಂಕಣಿಯನ್ನು ಒಂದೇ ಉಸಿರಿಗೆ
ಬೂತಾಯಿ ಬಲೆ ಕೊಡಹಿದ ಹಾಗೆ ಕೊಡಹಿದಳು.
ಡಾನ್ಸ್‌ಹಾಲ್ ಅಂತೆ ಅದಕ್ಕೆ ಹೆಸರು:
ಡ್ರಿಪ್ ಬಾಟಲಿಯ ಮೇಲೆ, ಡಾಕ್ಟರರ ಅಕ್ಷರದ ಮೇಲೆ,
ನಾಲ್ಕನೇ ವಾರ್ಡಿನಲ್ಲಿ ಅವಳ ಕೈ ಬಿಡದ ಮುದುಕನ ಮೇಲೆ.
ನನಗೆ ಅರ್ಧ ಅರ್ಥವಾಗಲಿಲ್ಲ.
ಮೀಟರಿನ ಮುಳ್ಳು ಕೆಂಪಿಗೆ ಹೋಗಿ ಅಲ್ಲೇ ಕೂತಿತು.

ತಂಜೀಲನದು ನಿಧಾನ. ಬ್ಯಾರಿ ಮಾತು, ಬೆಂಗ್ರೆಯ ಮಾತು;
ಕಡವಿನ ದೋಣಿ ತಪ್ಪಿದವನು ಕಾಯುವಷ್ಟು ನಿಧಾನ.
ಧನರಾಜ ಪ್ಯಾಡ್ ಬಾರಿಸುತ್ತ ಪ್ರತಿ ಸಲ
ಮೊದಲ ಪೆಟ್ಟು ನುಂಗುತ್ತಾನೆ.
ತಪ್ಪಿತಲ್ಲಾ ಎಂದೆ, ಚೆಂಡೆ ಕೇಳಿ ಬೆಳೆದ ಕಿವಿ ನನ್ನದು.
"ತಪ್ಪಿದ್ದಲ್ಲ, ಬಿಟ್ಟದ್ದು.
ಒಂದನ್ನು ಬಿಡಬೇಕು ಅಣ್ಣ, ಮೂರರಲ್ಲಿ ಬೀಳಬೇಕು.
ಬಿಟ್ಟಲ್ಲಿ ಕೇಳುವವನು ಕಾಲಿಡುತ್ತಾನೆ."
ಅವತ್ತಿನಿಂದ ನನ್ನ ಸ್ಕೂಟರೂ ಹಾಗೇ ಕೇಳುತ್ತದೆ.

ಒಂಬತ್ತು ಹಾಡು ಎಂದು ಲೆಕ್ಕ. ಅರುವತ್ತೊಂದು ದಿನ.
ಕರೆಂಟು ಹೋದದ್ದು ಹನ್ನೊಂದು ದಿನ.
ರೊವಿಟಾಗೆ ಡಬಲ್ ಡ್ಯೂಟಿ. ಐಸ್ ಪ್ಲಾಂಟಿನ ರಿಪೇರಿಯಲ್ಲಿ
ತಂಜೀಲನ ಬೆರಳು ಜಜ್ಜಿತು.
ಪಕ್ಕದ ಬೋಟಿನ ಬಡಗಿ ಸುತ್ತಿಗೆ ಬಡಿದದ್ದು
ಆರನೇ ಹಾಡಿನಲ್ಲಿ ಹಾಗೇ ಉಳಿದಿದೆ,
ಮುಚ್ಚಳ ತೆರೆದಿತ್ತು; ಚೆನ್ನಾಗಿದೆ ಎಂದು ಬಿಟ್ಟರು.
ಏಳನೆಯದಕ್ಕೆ ಕೊನೆ ಇಲ್ಲ. ಎಂಟು, ಒಂಬತ್ತು
ಧನರಾಜನ ಮೊಬೈಲಿನಲ್ಲಿ ಗುನುಗಾಗಿ ಉಂಟು.

ಜುಲೈ ಮೂವತ್ತೊಂದರ ರಾತ್ರಿ ಮಾವ ಬಂದ,
ಡೀಸೆಲ್, ಅಕ್ಕಿ, ಪೂಜೆಯ ತೆಂಗಿನಕಾಯಿ.
ವಯರು ಸುತ್ತಿದೆವು, ಮಾತಾಡಲಿಲ್ಲ.
ತಂಜೀಲನೇ ಐಸ್ ಹೊತ್ತು ತಂದು
ತಾನು ಹಾಡಿದ ಜಾಗಕ್ಕೆ ಸಲಿಕೆಯಿಂದ ಸುರಿದ.
ಧನರಾಜ ಹಗ್ಗ ಬಿಚ್ಚಿ ಅದೇ ಬೋಟು ಹತ್ತಿದ.
ಅಳಿವೆಬಾಗಿಲು ದಾಟಿ
ಸ್ಟುಡಿಯೋ ಮೀನಿಗೆ ಹೋಯಿತು.

"ಆಲ್ಬಂ ಏಪ?" ಎಂದು ಕೇಳುತ್ತಾರೆ ದಕ್ಕೆಯವರು,
"ಕೆದಾಳಾ?" ಎಂದು ರೊವಿಟಾಳ ವಾರ್ಡಿನ ಆಯಾ.
ತಂಜೀಲನ ಉಮ್ಮ ಕೇಳುವುದಿಲ್ಲ, ಬೆರಳಿಗೆ ಎಣ್ಣೆ ಹಚ್ಚುತ್ತಾಳೆ.
ಪೆನ್‌ಡ್ರೈವ್ ನನ್ನ ಡ್ರಾಯರಿನಲ್ಲಿ, ಫ್ಯೂಸ್ ವಯರಿನ ಜೊತೆ.
ಬಾಡಿಗೆ ಬಂದಿಲ್ಲ. ಪುಸ್ತಕದಲ್ಲಿ
ಅವರ ಹೆಸರಿನ ಮುಂದೆ ಮೊತ್ತ ಬರೆದಿಲ್ಲ ನಾನು,
ಜಾಗ ಬಿಟ್ಟಿದ್ದೇನೆ.

ನಿನ್ನೆ ಕೂಳೂರಿನ ಮದುವೆಯಲ್ಲಿ
ಊಟದ ಹೊತ್ತಿಗೆ, ಯಾರಿಗೂ ಕಿವಿ ಇಲ್ಲದಾಗ,
ಆರನೆಯದನ್ನು ಹಾಕಿದೆ. ಸಾರು ಬಡಿಸುವ ಹುಡುಗನೊಬ್ಬ
ಬಕೆಟ್ ಹಿಡಿದು ನಿಂತ,
ಬಡಗಿಯ ಸುತ್ತಿಗೆ ಬಿದ್ದಲ್ಲಿ ತಲೆಯಾಡಿಸಿ
"ಯಾರದ್ದಿದು?" ಎಂದ.
ಹೊರಗೆ ಬಂದಿಲ್ಲ ಇನ್ನೂ, ಎಂದೆ.
ಸಾರು ಆರುತ್ತಿತ್ತು. ಅವನು ಹೋಗಲಿಲ್ಲ.