ಹೆಬ್ಬಟ್ಟು

"ಕೈಗೆ ಎಣ್ಣಿ ಇರಬಾರದ್ರಿ," ಅಂದ್ರು ನಫೀಸಾಬಾಯಿ,
"ಮಿರ್ಚಿ ತಿಂದು ಬಂದಿದ್ರ ಸಾಬೂನು ಅಲ್ಲೈತಿ."
ತೊಳಕೊಂಡೆ.
ತೊಳಕೊಂಡೆ ಅಂದುಕೊಂಡೆ.

ಧಾರವಾಡ, ಕೆಲಗೇರಿ ರಸ್ತೆ, ತಗಡಿನ ಶೆಡ್ಡು, ಶನಿವಾರ ಸಂಜಿ.
ಆರು ಮಂದಿಗೆ ಆರು ಚಹಾದ ಬಟ್ಟಲ,
ಒಮ್ಮೆ ಸುಟ್ಟದ್ದು, ಇನ್ನೊಮ್ಮೆ ಸುಡೋದು ಬಾಕಿ.
ನಾಲಿಗಿ ತುದಿ ಹಚ್ಚಿ ನೋಡ್ರಿ, ಅಂದ್ರು. ಹಚ್ಚಿದೆ.
ಮಣ್ಣು ಬಿಡಲಿಲ್ಲ, ಸಣ್ಣಗೆ ಹಿಡಕೊಂಡಿತು.
ಎಷ್ಟು ದಿನದ ನೀರಡಿಕಿನೋ.

ನಾ ಸಬ್ ರಿಜಿಸ್ಟ್ರಾರ್ ಆಫೀಸಿನಾಕಿ.
ಇಪ್ಪತ್ತೆರಡು ವರ್ಷ ಹಿಡಿದದ್ದು ಬ್ರಷ್ ಅಲ್ಲ,
ಮಂದೀ ಹೆಬ್ಬಟ್ಟು.
ಪ್ಯಾಡಿಗೆ ಒತ್ತಿ, ಕಾಗದದ ಮ್ಯಾಲ ಹೊರಳಿಸಿ,
"ಜೋರು ಬ್ಯಾಡ್ರಿ, ಗಡಿಬಿಡಿ ಬ್ಯಾಡ್ರಿ" ಅಂದು,
ಆಮ್ಯಾಲೆ ಒರಸಲಿಕ್ಕೆ ಒಂದು ಹಳೇ ಅರಿವಿ.
ಇಲ್ಲಿ ಅದನ್ನ ನನಗ ಹೇಳಲಿಕ್ಕೆ ಹತ್ಯಾರ.

ಅಗಸಿ ಹೂ ಬರೀಬೇಕಂತ ಕುಂತೆ.
ನೀಲಿ ಅಂತ ಚೀಟಿ ಹಚ್ಚಿದ ಡಬ್ಬಿಯೊಳಗ
ಮಾಸಿದ ನೇರಳೆ.
"ಬೆಂಕಿ ನೋಡಿದ ಮ್ಯಾಲ ನೀಲಿ ಆಗ್ತದ."
ಹಲ್ಲಿನ ಡಾಕ್ಟರ್ ಹೆಗ್ಗೇರಿಯವರು ಗೆರಿ ಎಳದ್ರ ಕೂದಲೆಳಿ;
ನನ್ನ ಬ್ರಷ್ ಮುಟ್ಟಿದ್ದೇ ತಡ
ನೀರೆಲ್ಲ ಕುಡಿದು, ಮಣ್ಣು ಗೆರಿನ ಅಲ್ಲೇ ನಿಲ್ಲಿಸಿತು.
ಐದು ಎಸಳಿನ ಹೂ ನಾಲ್ಕೂವರೆಗೇ ಮುಗೀತು.

ಮ್ಯಾಲ ಗ್ಲೇಝು, ಗಟ್ಟಿ ಮಜ್ಜಿಗಿಯಂಥಾದ್ದು.
ಇಕ್ಕಳದಾಗ ಹಿಡಿದು ಅದ್ದು, ಮೂರು ಎಣಿಸು, ಎತ್ತು.
ಸುಣ್ಣ ಬಳದ ಗ್ವಾಡಿ ಆತು ಬಟ್ಟಲ,
ಹೂ ಎಲ್ಲಿತ್ತಂತ ನನಗ ಗೊತ್ತಾಗವಲ್ದು.
"ಅಡಿ ಒರಸ್ರಿ, ಒಂದು ಬಟ್ಟಷ್ಟು.
ಇಲ್ಲಾಂದ್ರ ಭಟ್ಟಿ ಹಲಗಿಗೆ ಹತ್ತಿ ಕೂಡ್ತದ,
ಉಳಿ ಹಚ್ಚಿದ್ರೂ ಬಿಡಾಂಗಿಲ್ಲ."

ಭಾನುವಾರ ಸುಟ್ರು. ಸೋಮವಾರ ಆರಿದ್ದಿಲ್ಲ.
ಮಂಗಳವಾರ ಹೆಲ್ಮೆಟ್ ಸುದ್ದಾ ತಗೀದ ಒಳಗ ಹೋದೆ.

ನೀಲಿ. ಖರೇನ ನೀಲಿ.
ಎರಿ ಹೊಲದಾಗ ಮುಂಜಾನಿ ಎಂಟಕ್ಕ ಇದ್ದು
ಮಧ್ಯಾಹ್ನಕ್ಕ ಉದುರಿಹೋಗೋ ನೀಲಿ.
ಹೂವಿನ ಬೆನ್ನಿಗೆ, ಗ್ಲೇಝು ಹಿಡೀದ
ಒಂದು ಉದ್ದುರುಟು ಬೋಳು ಜಾಗ.
ಎಡಗೈದು. ಅಷ್ಟು ನಾ ಹೇಳಬಲ್ಲೆ, ಅದ ನನ್ನ ಕೆಲಸ.

"ಮಿರ್ಚಿ," ಅಂದ್ರು ನಫೀಸಾಬಾಯಿ, ನಗಲಿಲ್ಲ.
"ಹಚ್ಚಿ ಇನ್ನೊಮ್ಮೆ ಸುಡೋಣೇನು?"
ಬ್ಯಾಡ ಅಂದೆ.
ಸಹಿ ಮಾಡಾಕ ಬರೋರದು ಹೆಬ್ಬಟ್ಟು ಯಾರೂ ಕೇಳೂದಿಲ್ಲ;
ನನ್ನದು ಎಲ್ಲೂ ಒತ್ತಿದ್ದಿಲ್ಲ.

ಈಗ ಚಹಾ ಸುರುವಿದ್ರ
ಬಟ್ಟಲದ ಮೈಯೆಲ್ಲಾ ನುಣುಪು, ಅಲ್ಲೊಂದೇ ಒರಟು.
ಹೆಬ್ಬಟ್ಟು ತಾನ ಹೋಗಿ ಅಲ್ಲೇ ಕೂಡ್ತದ.